ಚೆನ್ನಿಗನ ಮೊಣಕೈ

ಹೊಳೆಯ ದಡದಲ್ಲಿ ಒಂದು ಗರಡಿಮನೆ. ಅಲ್ಲಿ ಮಾದಯ್ಯ ಎಂಬ ವಸ್ತಾದರು ಕುಸ್ತಿ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಚೆನ್ನಿಗ ಎಲ್ಲರಿಗಿಂತ ಗಟ್ಟಿಗ.

ಇನ್ನು ಮೂರು ತಿಂಗಳಿಗೆ ಆಚೆ ದಡದ ಊರಿನಲ್ಲಿ ದೊಡ್ಡ ಕುಸ್ತಿ ನಡೆಯುವುದಿತ್ತು. ಗರಡಿಯ ಪರವಾಗಿ ಅಖಾಡಕ್ಕೆ ಇಳಿಯುವವನು ಚೆನ್ನಿಗ ಎಂದು ಗುರುಗಳು ಹೇಳಿಯಾಗಿತ್ತು. ಅಂದಿನಿಂದ ಅವನು ದಿನಕ್ಕೆ ನೂರು ಸಲ ತಿರುಗಿಸುತ್ತಿದ್ದ ಗದೆಯನ್ನು ಮುನ್ನೂರು ಸಲ ತಿರುಗಿಸತೊಡಗಿದ.

ಹತ್ತನೆಯ ದಿನ ಬಲ ಮೊಣಕೈಯ ಹೊರಮಗ್ಗುಲಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು.

ಚೆನ್ನಿಗ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನೋವು ಮಾತ್ರ ಮೊಣಕೈಯಿಂದ ಇಳಿದು ಮುಂಗೈಗೆ ಬಂತು. ಒದ್ದೆ ಪಂಚೆ ಹಿಂಡುವಾಗ ಬಂತು, ಬಾಗಿಲ ಅಗಳಿ ತೆಗೆಯುವಾಗ ಬಂತು. ಅವನು ಮೊಣಕೈಯ ಕೆಳಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಗದೆ ತಿರುಗಿಸಿದ. ಯಾರಿಗೂ ಹೇಳಲಿಲ್ಲ. ಗುರುಗಳಿಗೆ ಗೊತ್ತಾದರೆ ತನ್ನ ಜಾಗಕ್ಕೆ ಗರಡಿಯ ಇನ್ನೊಬ್ಬ ಶಿಷ್ಯ ರಾಚಪ್ಪ ಬರುತ್ತಾನೆ ಎಂಬ ಹೆದರಿಕೆ.

ಒಂದು ಬೆಳಿಗ್ಗೆ ಮಾದಯ್ಯ ಜಗಲಿಯ ಮೇಲೆ ಕುಳಿತಿದ್ದರು.

"ಚೆನ್ನಿಗ, ಒಂದು ಚೊಂಬು ನೀರು ತಾ."

ತಂದ.

"ಎಡಗೈಯಲ್ಲಿ ಯಾಕೆ ಕೊಡ್ತೀಯ?"

ಚೆನ್ನಿಗ ಚೊಂಬನ್ನು ಬಲಗೈಗೆ ಬದಲಾಯಿಸಿ ಮುಂದೆ ಚಾಚಿದ. ಚೊಂಬು ಜಾರಿ ಕಲ್ಲಿನ ಮೇಲೆ ಬಿತ್ತು.

ಮಾದಯ್ಯ ಬೈಯಲಿಲ್ಲ. ಅವನ ಕೈ ಹಿಡಿದು, ಮೊಣಕೈ ಮೂಳೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೋದರು. ಒಂದು ಕಡೆ ನಿಲ್ಲಿಸಿ ಒತ್ತಿದರು. ಚೆನ್ನಿಗನ ಕಣ್ಣಲ್ಲಿ ನೀರು ಬಂತು.

"ಎಷ್ಟು ದಿನವಾಯಿತು?"

"ಮೂರು ದಿನ, ಗುರುಗಳೇ."

ಹೆಬ್ಬೆರಳು ಅಲ್ಲೇ ಇತ್ತು.

"ಮೂರು ವಾರ," ಅಂದ ಚೆನ್ನಿಗ.

"ಇವತ್ತಿಂದ ಗದೆ ಮುಟ್ಟಬೇಡ. ಕುಸ್ತಿಯೂ ಬೇಡ. ಬೆಳಿಗ್ಗೆ, ಸಂಜೆ ಹೊಳೆಯ ತಣ್ಣೀರಿನಲ್ಲಿ ಕೈ ಇಟ್ಟುಕೊಂಡು ಕೂರು."

"ಅಷ್ಟೇನಾ? ಎಣ್ಣೆ ಹಾಕಿ ತಿಕ್ಕಿದರೆ ಬೇಗ ಹೋಗುವುದಿಲ್ಲವೇ?"

"ಗಾಯವನ್ನು ತಿಕ್ಕುತ್ತಾರೇನೋ?"

"ಗಾಯ ಎಲ್ಲಿದೆ ಗುರುಗಳೇ? ರಕ್ತವೇ ಬಂದಿಲ್ಲ."

"ಒಳಗಿದೆ. ಅದಕ್ಕೇ ಇಷ್ಟು ದಿನ ಬಚ್ಚಿಡೋಕೆ ಆಯಿತು ನಿನಗೆ."

ಚೆನ್ನಿಗ ನಾಲ್ಕು ದಿನ ಹೊಳೆಯಲ್ಲಿ ಕೂತ. ನೋವು ತಗ್ಗಿತು. ಐದನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ, ಒಬ್ಬನೇ ಹೋಗಿ ಗದೆ ಎತ್ತಿದ. ನಲವತ್ತು ಸಲ ತಿರುಗಿಸುವವರೆಗೆ ಏನೂ ಆಗಲಿಲ್ಲ. ನಲವತ್ತೊಂದನೆಯ ಸಲಕ್ಕೆ ಹಿಡಿತ ತಾನಾಗಿ ಬಿಟ್ಟುಹೋಯಿತು. ಗದೆ ಗೋಡೆಗೆ ಬಡಿಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಅವನಿಗೆ ಆಗಲಿಲ್ಲ.

ಮಾದಯ್ಯ ಬಂದು ಅವನ ಪಕ್ಕದಲ್ಲಿ ಕೂತರು. ತಮ್ಮ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು. ಎಂದಿನಂತೆ ಎಡಗೈಯಿಂದ ಉಣ್ಣತೊಡಗಿದರು. ಗುರುಗಳ ಬಲಗೈ ಅರ್ಧದಷ್ಟೇ ಮಡಚುತ್ತಿತ್ತು. ಯಾವುದೋ ಭಾರೀ ಜಟ್ಟಿಯನ್ನು ಕೆಡವಿದಾಗ ಆದದ್ದು ಎಂದು ಶಿಷ್ಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರನ್ನೇ ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ.

ಚೆನ್ನಿಗ ಕೇಳಿದ. "ನಿಮ್ಮ ಕೈಗೆ ಏನಾಗಿತ್ತು ಗುರುಗಳೇ?"

"ನಿನ್ನ ಕೈಗೆ ಆದದ್ದೇ. ನಿನ್ನಷ್ಟೇ ವಯಸ್ಸು. ನಲವತ್ತು ದಿನ ಯಾರಿಗೂ ಹೇಳಲಿಲ್ಲ. ಹಾಗೇ ಅಖಾಡಕ್ಕೆ ಇಳಿದೆ. ಎದುರಿನವನಿಗೆ ಹೇಗೋ ಗೊತ್ತಾಯಿತು. ಅದೇ ಕೈ ಹಿಡಿದು ತಿರುಚಿದ."

"ಸೋತಿರಾ?"

"ಗೆದ್ದೆ. ಹೆಗಲ ಮೇಲೆ ಹೊತ್ತು ಮೆರೆಸಿದರು. ಅವತ್ತಿಂದ ಈ ಕೈಯಲ್ಲಿ ಒಂದು ತುತ್ತೂ ಬಾಯಿಗೆ ಬಂದಿಲ್ಲ."

ಅವರು ಮತ್ತೆ ಉಣ್ಣತೊಡಗಿದರು. ಚೆನ್ನಿಗ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗುರುಗಳೇ, ರಾಚಪ್ಪನನ್ನು ಕಳಿಸಿ," ಅಂದ.

"ನೀನೇ ಹೇಳು ಅವನಿಗೆ."

ಮಾರನೆಯ ಬೆಳಿಗ್ಗೆ ಹೋಗಿ ಹೇಳಿದ. ರಾಚಪ್ಪ ಹಿಗ್ಗಲಿಲ್ಲ. ಅವನ ಕೈಯನ್ನೊಮ್ಮೆ ನೋಡಿ, "ಆಗಲಿ ಅಣ್ಣ" ಅಂದ, ಅಷ್ಟೇ.

ಎರಡು ವಾರ ಕಳೆದ ಮೇಲೆ ಮಾದಯ್ಯ ಒಂದು ಬಟ್ಟೆಯಲ್ಲಿ ಎರಡು ಹಿಡಿ ಹೊಳೆಮರಳು ಕಟ್ಟಿ ತಂದರು. ಚೆನ್ನಿಗನ ಮುಂಗೈಯನ್ನು ಜಗಲಿಯ ಮೇಲೆ ಒರಗಿಸಿ, ಅಂಗೈ ಕೆಳಗೆ ಮಾಡಿ, ಹಸ್ತ ಅಂಚಿನಾಚೆ ಬರುವಂತೆ ಇಟ್ಟರು. ಗಂಟನ್ನು ಹಿಡಿಸಿದರು.

"ಎಡಗೈಯಿಂದ ಎತ್ತಿ ಕೊಡು. ಬಲಗೈಯ ಮಣಿಕಟ್ಟು ಬಾಗಿಸುತ್ತ ಇಳಿಸು. ನಿಧಾನವಾಗಿ, ಹತ್ತು ಎಣಿಸುವವರೆಗೆ. ಹೀಗೆ ಹದಿನೈದು ಸಲ."

"ನಾನು ಎಂಥ ಗದೆ ಎತ್ತಿದವನು ಗುರುಗಳೇ. ಇದು ಕೂಸುಗಳ ಆಟ."

"ಮಾಡು."

ಎಂಟನೆಯ ಸಲಕ್ಕೆ ಚೆನ್ನಿಗನ ಹಣೆಯಲ್ಲಿ ಬೆವರೊಡೆಯಿತು. ಗಂಟು ಹತ್ತು ಎಣಿಸುವ ಮುಂಚೆಯೇ ದಡಕ್ಕನೆ ಕೆಳಗೆ ಹೋಗುತ್ತಿತ್ತು.

"ಹಗುರವಾಗಿದೆ, ಆದರೂ ನಿಲ್ಲುತ್ತಿಲ್ಲ. ಯಾಕೆ?"

"ನಿನಗೆ ಎತ್ತುವುದು ಕಲಿಸಿದೆ. ಇಳಿಸುವುದು ಕಲಿಸಲಿಲ್ಲ. ಆ ತಪ್ಪು ನನ್ನದು."

ಗುರುಗಳು ತಪ್ಪು ಒಪ್ಪಿಕೊಂಡದ್ದನ್ನು ಚೆನ್ನಿಗ ಕೇಳಿದ್ದು ಅದೇ ಮೊದಲು. ಉಳಿದ ಏಳನ್ನು ಮಾಡಿ ಮುಗಿಸಿದ.

ವಾರಕ್ಕೊಂದು ಹಿಡಿ ಮರಳು ಸೇರುತ್ತ ಹೋಯಿತು. ನೋವು ಹೆಚ್ಚಾದ ವಾರ ಒಂದು ಹಿಡಿ ತೆಗೆಯುತ್ತಿದ್ದರು.

ಕುಸ್ತಿಯ ದಿನ ಗರಡಿಯವರೆಲ್ಲ ದೋಣಿ ಹತ್ತಿ ಆಚೆ ದಡಕ್ಕೆ ಹೋದರು. ಮಾದಯ್ಯ ಹೋಗಲಿಲ್ಲ. ತಮಟೆಯ ಸದ್ದು ನೀರಿನ ಮೇಲೆ ಹಾದು ಬರುತ್ತಿತ್ತು. ಚೆನ್ನಿಗ ಜಗಲಿಯಲ್ಲಿ ಕೂತು ಗಂಟು ಇಳಿಸುತ್ತಿದ್ದ. ಒಮ್ಮೆಲೇ ಆಚೆ ದಡದಲ್ಲಿ ಜನ ಹುಯ್ಯೆಂದಿತು. ಅವನ ಕೈ ನಿಂತಿತು.

"ಯಾರು ಗೆದ್ದರೋ, ಗುರುಗಳೇ?"

"ನಿಂದು ಎಷ್ಟಾಯಿತು?"

"ಎಣಿಕೆ ತಪ್ಪಿತು."

"ಮೊದಲಿಂದ ಮಾಡು."

ರಾಚಪ್ಪ ಸೋತಿದ್ದ. ಸಂಜೆ ಮೈತುಂಬ ಮಣ್ಣು ಮೆತ್ತಿಕೊಂಡು ಬಂದ. ಚೆನ್ನಿಗ ನೀರು ಕಾಯಿಸಿ ಕೊಟ್ಟ. ತಾನು ಹೋಗಿದ್ದರೆ ಗೆಲ್ಲುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಅದನ್ನು ಹೇಳಲಿಲ್ಲ.

ಮಳೆಗಾಲ ಕಳೆಯಿತು. ಒದ್ದೆ ಪಂಚೆ ಹಿಂಡಿದರೂ ಕೈ ನೋಯಲಿಲ್ಲ. ಒಂದು ಬೆಳಿಗ್ಗೆ ಮಾದಯ್ಯ, "ಗದೆ ತಗೋ" ಅಂದರು. ಎಷ್ಟು ಸಲ ಎಂದು ಹೇಳಲಿಲ್ಲ. ಗೋಡೆಗೆ ಒರಗಿ ನಿಂತರು.

ಚೆನ್ನಿಗ ತಿರುಗಿಸಿದ. ಹತ್ತು, ಇಪ್ಪತ್ತು, ಮೂವತ್ತು. ಕೈ ಹಗುರವಾಗಿತ್ತು. ಸುತ್ತ ನಿಂತವರು ನೋಡುತ್ತಿದ್ದರು. ಐವತ್ತಕ್ಕೆ ಅವನು ಗದೆಯನ್ನು ನೆಲಕ್ಕೆ ಇಳಿಸಿ ದೂರ ಸರಿದ.

"ನೋವು ಬಂತಾ?"

"ಇಲ್ಲ ಗುರುಗಳೇ."

"ಸುಸ್ತಾಯಿತಾ?"

"ಇಲ್ಲ."

"ಮತ್ತೆ ಯಾಕೆ ನಿಲ್ಲಿಸಿದೆ?"

"ಇವತ್ತಿಗೆ ಸಾಕು ಅನ್ನಿಸಿತು."

ಮಾದಯ್ಯ ಗೋಡೆ ಬಿಟ್ಟು ಮುಂದೆ ಬಂದರು.

"ನಾಳೆಯಿಂದ ಹೊಸಬರಿಗೆ ಗದೆ ಹೇಳಿಕೊಡುವವನು ನೀನು."