ಹಲ್ಲಿನ ವೈದ್ಯನ ಕತ್ತು

“ಗುರುಗಳೇ, ಸೇವೆ ಮಾಡುವವನು ಸೇವೆ ಪಡೆಯುವವರನ್ನು ‘ಸ್ವಲ್ಪ ಈ ಕಡೆ ತಿರುಗಿ’ ಎಂದು ಕೇಳಬಹುದೇ? ಕೇಳಿದರೆ ಸೇವೆಗೆ ಕುಂದಲ್ಲವೇ?”

ಕೇಳಿದವನು ಬಸವಂತ. ಮಠದಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಅವನ ಪಾಲಿನ ಕೆಲಸ. ಯಾರಿಗೂ ಕೈ ಊರಲು ಬಿಡುತ್ತಿರಲಿಲ್ಲ. “ನೀವು ಸುಮ್ಮನೆ ಮಲಗಿ, ನಾನಿದ್ದೇನೆ” ಎಂದು ಒಬ್ಬನೇ ಎತ್ತುತ್ತಿದ್ದ. ಎಂಟು ದಿನದಿಂದ ಅವನ ಸೊಂಟ ಹಿಡಿದುಕೊಂಡಿತ್ತು. ಪ್ರಶ್ನೆ ಕೇಳುವಾಗಲೂ ಕಂಬಕ್ಕೆ ಆನಿಕೊಂಡೇ ನಿಂತಿದ್ದ.

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಕೂರು ಎಂದರೆ ನಿನಗೆ ಕೂರಲಾಗದು, ನಿಲ್ಲು ಎಂದರೆ ನಿಲ್ಲಲಾಗದು. ಆನಿಕೊಂಡೇ ಕೇಳು” ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಲ್ಲಿನ ವೈದ್ಯನಿದ್ದ. ಸುತ್ತ ಹತ್ತು ಹಳ್ಳಿಗೂ ಅವನೊಬ್ಬನೇ. ಕೈಗುಣ ಚೆನ್ನಾಗಿತ್ತು, ಮಾತು ಮೃದು. ಹಲ್ಲುನೋವೆಂದರೆ ಗೊತ್ತಲ್ಲ, ಎಂಥ ಗಟ್ಟಿ ಆಳನ್ನೂ ಕೆನ್ನೆ ಹಿಡಿದು ಕೂರುವಂತೆ ಮಾಡುತ್ತದೆ. ಹಾಗೆ ಬಂದವರನ್ನು ಕಂಡರೆ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಮೊದಲೇ ನೊಂದು ಬಂದಿದ್ದಾರೆ, ಅದರ ಮೇಲೆ ನಾನೇಕೆ ತೊಂದರೆ ಕೊಡಲಿ ಎಂಬುದು ಅವನ ಎಣಿಕೆ.

ಅದಕ್ಕೇ ಅವನು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಒರಗಿಸುತ್ತಿರಲಿಲ್ಲ. ಹಾಗೆ ಮಲಗಿಸಿದರೆ ಹೆಂಗಸರು, ವಯಸ್ಸಾದವರು ಮುಜುಗರ ಪಡುತ್ತಾರೆ. ತಲೆ ತಿರುಗಿಸಿ ಎನ್ನುತ್ತಿರಲಿಲ್ಲ. ಗದ್ದ ಎತ್ತಿ ಎನ್ನುತ್ತಿರಲಿಲ್ಲ. ಅವರು ಕೂತಂತೆ ಕೂತಿರಲಿ, ನಾನು ಬಾಗಿದರಾಯಿತು ಎನ್ನುವನು. ಮೇಲಿನ ಸಾಲಿನ ಕೊನೆಯ ದವಡೆಹಲ್ಲನ್ನು ನೋಡಬೇಕಾದರೆ ಸೊಂಟ ತಿರುಚಿ, ಭುಜ ಎತ್ತಿ, ಕೊಕ್ಕರೆಯ ಹಾಗೆ ಕತ್ತು ಚಾಚಿ ಇಣುಕುತ್ತಿದ್ದ. ಅವನ ಎಡಗೈಯಲ್ಲಿ ಸಣ್ಣ ಕಡ್ಡಿಯ ತುದಿಗೆ ಕೂರಿಸಿದ ಪುಟ್ಟ ಕನ್ನಡಿ ಇರುತ್ತಿತ್ತು. ಬಾಗದೆ ಹಲ್ಲು ನೋಡಲೆಂದೇ ಇರುವ ಕನ್ನಡಿ ಅದು. ಈ ಮಹಾಶಯ ಅದನ್ನು ಕೆನ್ನೆ ಸರಿಸಿ ಹಿಡಿಯುವುದಕ್ಕೆ ಮಾತ್ರ ಬಳಸುತ್ತಿದ್ದ.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಆ ಕುರ್ಚಿಯಲ್ಲಿ ಕೂತರೆ ಕತ್ತು ಕೂಡ ಅಲ್ಲಾಡಿಸಬೇಕಿಲ್ಲ ಎಂದು ಜನ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಅವನು ಇನ್ನಷ್ಟು ಬಾಗಿದ.

ಮೊದಲು ಕತ್ತು ಹಿಡಿಯಿತು. ಎಣ್ಣೆ ತಿಕ್ಕಿಸಿಕೊಂಡ. ಆಮೇಲೆ ಬಲಭುಜ ಕಲ್ಲಿನಂತಾಯಿತು. ಶಾಖ ಕೊಟ್ಟುಕೊಂಡ. ಆಮೇಲೆ ಬಲಗೈ ಹೆಬ್ಬೆರಳಿಗೆ ಜೋಮು ಹಿಡಿಯತೊಡಗಿತು. ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಎಡಗೈಯೇ ಬೇಕಾಯಿತು. ಹೆಂಡತಿ ಕೇಳಿದರೆ “ಏನಿಲ್ಲ ಬಿಡು” ಎಂದು ಹಾರಿಸಿಬಿಡುತ್ತಿದ್ದ. ಒಳಗೊಳಗೇ ಅಂಜಿಕೆ. ಹೆಬ್ಬೆರಳು ಹೋದ ಮೇಲೆ ಹಲ್ಲಿನ ವೈದ್ಯನಿಗೆ ಏನುಳಿಯಿತು? ಈ ಕೈ ಬಿದ್ದುಹೋದರೆ ಹತ್ತು ಹಳ್ಳಿಯವರು ಕೆನ್ನೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಇಷ್ಟೆಲ್ಲ ಯೋಚಿಸಿದವನು ಮರುದಿನ ಹೋಗಿ ಮತ್ತೆ ಹಾಗೇ ಬಾಗುತ್ತಿದ್ದ. ನಗಬೇಡ ಬಸವಂತ, ನಿನ್ನ ಸೊಂಟ ನೋಡಿಕೋ.

ಒಂದು ದಿನ ಅವನಲ್ಲಿಗೆ ಮುದುಕ ಕ್ಷೌರಿಕನೊಬ್ಬ ಬಂದ. ಎಪ್ಪತ್ತೈದು ದಾಟಿದ ವಯಸ್ಸು. ವೈದ್ಯನೂ ತಿಂಗಳಿಗೊಮ್ಮೆ ಅವನಿಗೇ ತಲೆ ಕೊಟ್ಟು ಬರುವವನು. ಮುದುಕನ ಮೇಲಿನ ಕೊನೆಯ ದವಡೆಹಲ್ಲು ಹುಳುಕಾಗಿತ್ತು. ವೈದ್ಯ ಎಂದಿನಂತೆ ಬಾಗಿ, ತಿರುಚಿಕೊಂಡು, ಹಲ್ಲು ಕೊರೆಯುವ ಯಂತ್ರ ಹಿಡಿದ. ಕೆಲಸದ ನಡುವೆ ಹೆಬ್ಬೆರಳು ಮರಗಟ್ಟಿತು. ಹಿಡಿತ ಸಡಿಲಿತು. ಯಂತ್ರದ ತುದಿ ಜಾರಿ ಮುದುಕನ ಕೆನ್ನೆಯ ಒಳಭಾಗಕ್ಕೆ ತಗುಲಿ ರಕ್ತ ಬಂತು.

ವೈದ್ಯ ಹಿಂದೆ ಸರಿದು ಗೋಡೆ ಹಿಡಿದುಕೊಂಡ. ಮುಖ ಬಿಳಿಚಿಕೊಂಡಿತ್ತು. “ಅಜ್ಜಾ, ತಪ್ಪಾಯಿತು. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ” ಎಂದ. ಈ ಮಾತನ್ನು ಅವನು ಇನ್ನೊಬ್ಬರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮುದುಕ ಬಾಯಿ ಮುಕ್ಕಳಿಸಿದ. ಗಾಯಕ್ಕೆ ಹತ್ತಿ ಒತ್ತಿಕೊಂಡ. ರಕ್ತ ನಿಂತ ಮೇಲೆ ಕುರ್ಚಿಯಿಂದ ಇಳಿದು, “ಡಾಕ್ಟ್ರೇ, ಇದರಲ್ಲಿ ನೀವು ಕೂತುಕೊಳ್ಳಿ” ಎಂದ. ವೈದ್ಯ ಕೂತ. ಮುದುಕ ಕುರ್ಚಿ ಏರಿಸುವುದು ಹೇಗೆಂದು ಕೇಳಿಕೊಂಡು, ವೈದ್ಯನ ತಲೆ ತನ್ನ ಕೈಗೆ ಸರಿಯಾಗಿ ಸಿಗುವಷ್ಟು ಏರಿಸಿದ. ನೆತ್ತಿಯ ಮೇಲೆ ಒಂದು ಅಂಗೈ, ಗದ್ದದ ಕೆಳಗೆ ಎರಡು ಬೆರಳು ಇಟ್ಟ. ಒತ್ತಲಿಲ್ಲ, ಎಳೆಯಲಿಲ್ಲ. ತಲೆ ತಾನಾಗಿ ತಿರುಗಿತು.

“ತಹಸೀಲ್ದಾರರು ಬರಲಿ, ಮೂಟೆ ಹೊರುವವನು ಬರಲಿ, ನಾನು ನನ್ನ ಜಾಗದಲ್ಲಿ ನೆಟ್ಟಗೆ ನಿಂತು ಅವರ ತಲೆ ತಿರುಗಿಸಿಕೊಳ್ಳುತ್ತೇನೆ. ಇದುವರೆಗೆ ಒಬ್ಬರೂ ಮುನಿಸಿಕೊಂಡಿಲ್ಲ. ಗಡ್ಡ ನೀಟಾಗಿ ಆಗಲಿ ಅಂತ ಅವರಿಗೂ ಇರುತ್ತದಲ್ಲ. ನೀವು ಒಂದು ಮಾತು ಹೇಳಿದ್ದರೆ ನಾನೂ ತಿರುಗುತ್ತಿದ್ದೆ” ಎಂದ.

ವೈದ್ಯ ಕಣ್ಣೆತ್ತಿ ನೋಡಿದ. ಹನ್ನೆರಡನೆಯ ವಯಸ್ಸಿನಿಂದ ನಿಂತೇ ದುಡಿದ ಮೈ ಅದು. ಬೆನ್ನು ಬಾಗಿರಲಿಲ್ಲ. ಭುಜಗಳು ಇಳಿದಿದ್ದವು, ಮೊಣಕೈಗಳು ಪಕ್ಕೆಗೆ ಅಂಟಿದ್ದವು, ಉಸಿರಾಟ ನಿಧಾನವಾಗಿತ್ತು. ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ. ವೈದ್ಯನ ಮೈ ಜುಮ್ಮೆಂದಿತು. ತಾನು ದೊಡ್ಡ ದೊಡ್ಡ ಪುಸ್ತಕ ಓದಿ ಕಲಿತು ಮರೆತ ವಿದ್ಯೆ ಇಷ್ಟು ವರ್ಷ ಬೀದಿ ಬದಿಯಲ್ಲಿ ನಿಂತಿತ್ತು. ತಿಂಗಳು ತಿಂಗಳೂ ಈ ಬೆರಳುಗಳು ತನ್ನ ತಲೆಯನ್ನೇ ಹೀಗೆ ತಿರುಗಿಸಿದ್ದವು, ತನಗೆ ಒಂದು ದಿನವೂ ತೊಂದರೆ ಎನಿಸಿರಲಿಲ್ಲ. ಎಂಥ ಮನುಷ್ಯ, ಎಂಥ ನಿಲುವು ಎಂದುಕೊಂಡಾಗ ವೈದ್ಯನ ಕಣ್ಣು ತುಂಬಿತು. ಮುದುಕನ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ.

ಆಮೇಲೆ ಮುದುಕನನ್ನು ಕೂರಿಸಿ, ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಒರಗಿಸಿದ. “ಅಜ್ಜಾ, ಗದ್ದ ಸ್ವಲ್ಪ ಮೇಲಕ್ಕೆ ಮಾಡಿ” ಎಂದು ಕೇಳುವಾಗ ನಾಲಿಗೆ ತಡವರಿಸಿತು. ಅಜ್ಜ ಗದ್ದ ಎತ್ತಿದ, ಅಷ್ಟೇ. ವೈದ್ಯ ನೆಟ್ಟಗೆ ಕೂತು ಬಾಯಿಯೊಳಗೆ ಕನ್ನಡಿ ಹಿಡಿದ. ಬೆಳಕು ಬಿದ್ದು ಆ ಕೊನೆಯ ಹಲ್ಲು ಗೀರುಗೀರೂ ಎಣಿಸುವಷ್ಟು ಸ್ಪಷ್ಟವಾಗಿ ಕನ್ನಡಿಯಲ್ಲಿ ಮೂಡಿತು. ಇಪ್ಪತ್ತು ವರ್ಷ ಇಣುಕಿದವನು ಅಂಥದನ್ನು ಒಮ್ಮೆಯೂ ಕಂಡಿರಲಿಲ್ಲ. ಉಸಿರು ಬಿಗಿಹಿಡಿದು ನೋಡುತ್ತ ಕೂತುಬಿಟ್ಟ. ಆ ದಿನ ಮತ್ತೆ ಯಂತ್ರ ಮುಟ್ಟಲಿಲ್ಲ. ಸದ್ಯಕ್ಕೆಂದು ಹಲ್ಲಿಗೆ ಮದ್ದು ತುಂಬಿ ಕಳಿಸಿದ.

ಅವನ ಹೆಬ್ಬೆರಳಿನ ಜೋಮು ಒಂದೇ ದಿನದಲ್ಲಿ ಹೋಗಲಿಲ್ಲ. ಕೆಲವು ತಿಂಗಳು ಕೆಲಸ ಕಡಿಮೆ ಮಾಡಿದ. ನೆಟ್ಟಗೆ ಕೂರುವುದನ್ನು ಹೊಸದಾಗಿ ಕಲಿತ. ಒಬ್ಬರಾದ ಮೇಲೆ ಒಬ್ಬರನ್ನು ಕರೆಯುವ ಮೊದಲು ಎದ್ದು ತೋಳು ಚಾಚಿ, ಭುಜ ಸಡಿಲಿಸಿಕೊಂಡ. ಕೈ ಮುಕ್ಕಾಲುಪಾಲು ಮರಳಿ ಬಂತು, ಉಳಿದ ಕಾಲುಪಾಲು ಬರಲೇ ಇಲ್ಲ. “ಡಾಕ್ಟರು ಈಗೀಗ ಆ ಕಡೆ ತಿರುಗಿ, ಈ ಕಡೆ ತಿರುಗಿ ಅನ್ನುತ್ತಾರಪ್ಪ” ಎಂದು ಊರವರು ಆಡಿಕೊಂಡರು. ಆಡಿಕೊಳ್ಳುತ್ತಲೇ ತಿರುಗಿದರು.

ಗುರುಗಳು ಕತೆ ನಿಲ್ಲಿಸಿದರು. ಬಸವಂತನ ಮನಸ್ಸು ಇನ್ನೂ ಆ ವೈದ್ಯನ ಕಡೆಗೇ ವಾಲುತ್ತಿತ್ತು.

“ಆದರೂ ಗುರುಗಳೇ, ಅಷ್ಟೆಲ್ಲ ನೋವನ್ನು ಯಾರಿಗೂ ಹೇಳದೆ ಒಬ್ಬನೇ ಸಹಿಸಿದನಲ್ಲ. ಅದು ದೊಡ್ಡದಲ್ಲವೇ?”

“ದೊಡ್ಡದೇ ಸರಿ, ಆದರೆ ರಕ್ತ ಬಂದದ್ದು ಯಾರ ಬಾಯಿಂದಪ್ಪ?” ಎಂದರು ಗುರುಗಳು.