ಎರಡನೇ ನೋಟಿಸ್

ರಂಗಶಾಮಯ್ಯ ಐದು ತಿಂಗಳಿಂದ ಕಚೇರಿಗೆ ಬಂದಿರಲಿಲ್ಲ. ಅವನ ಕೆಲಸವೆಲ್ಲ ಪಕ್ಕದ ಮೇಜಿನ ಕ್ಲರ್ಕಮ್ಮನ ತಲೆಗೆ ಬಿದ್ದಿತ್ತು. ತಂಗಿಯ ಬಾಣಂತನಕ್ಕೆ ಅವಳು ನಾಲ್ಕು ದಿನ ರಜೆ ಕೇಳಿದಳು.

"ಆಗಲ್ಲ," ಎಂದರು ಸಾಹೇಬರು. "ಮೊದಲು ರಂಗಶಾಮಯ್ಯನಿಗೆ ಪೇಪರ್‌ನಲ್ಲಿ ಹಾಕಿಸೋ ನೋಟಿಸ್ ಬರೆದು ತನ್ನಿ."

ಬರೆಯುತ್ತ ಬರೆಯುತ್ತ ಅವಳ ಹೊಟ್ಟೆ ಉರಿಯಿತು. ಬಾರದವನ ಮನೆಗೆ ಆಗಲೇ ಮೂರು ರಿಜಿಸ್ಟರ್ ಕಾಗದ ಹೋಗಿದ್ದವು. ಈಗ ಪೇಪರ್‌ನಲ್ಲಿ ಹೆಸರು, ಮೇಲೆ ಹದಿನೈದು ದಿನದ ಗಡುವು. ದಿನಾ ಬರುವವಳನ್ನು ಹೇಗಿದ್ದೀಯ ಅಂತ ಕೇಳಿದವರಿಲ್ಲ.

ಅವಳು ಎರಡು ನೋಟಿಸ್ ಒಯ್ದಳು. ಎರಡನೆಯದರಲ್ಲಿ ಅವಳದೇ ಹೆಸರಿತ್ತು.

"ಇದೇನ್ರೀ ಇದು?"

"ನಾಳೆಯಿಂದ ನಾನೂ ಬರಲ್ಲ ಸಾರ್. ಆಮೇಲೆ ಬರೆಸೋ ಕಷ್ಟ ನಿಮಗೆ ಬೇಡ ಅಂತ ಈಗಲೇ ಬರೆದಿಟ್ಟೆ."

ಸಾಹೇಬರು ಓದಿದರು: 'ತಂಗಿಯ ಬಾಣಂತನಕ್ಕೆ ಕೇಳಿದ ನಾಲ್ಕು ದಿನದ ರಜೆಯನ್ನು ಕಚೇರಿ ಮುಖ್ಯಸ್ಥರು ನಿರಾಕರಿಸಿದ್ದರಿಂದ ಗೈರುಹಾಜರಾಗಿರುವ ಸದರಿ ನೌಕರರು...' ಕೆಳಗೆ ಸಹಿಯ ಜಾಗದಲ್ಲಿ ಅವರ ಹೆಸರು.

"ಇದೂ ಪೇಪರ್‌ನಲ್ಲಿ ಬರುತ್ತಾ?"

"ಊರೆಲ್ಲ ಓದುತ್ತೆ ಸಾರ್. ನಿಮ್ಮ ಮನೆಯವರೂ ಓದ್ತಾರೆ."

ಸಾಹೇಬರು ರಜೆಗೆ ಸಹಿ ಹಾಕಿದರು. ಅವಳು ಬಾಗಿಲು ದಾಟುವಷ್ಟರಲ್ಲಿ ಮೆಲ್ಲಗೆ ಕರೆದರು. ಅವರ ಕಣ್ಣು ಇನ್ನೂ ರಂಗಶಾಮಯ್ಯನ ನೋಟಿಸ್ ಮೇಲೇ ಇತ್ತು.

"ಅಲ್ಲಾ ಅಮ್ಮಾ, ಐದು ತಿಂಗಳು ಆರಾಮಾಗಿ ಮನೇಲಿದ್ದಾನಲ್ಲ! ನಾನೂ ಹಾಗೇ ಬರದಿದ್ರೆ ನನಗೆ ನೋಟಿಸ್ ಬರೆಯೋರು ಯಾರು?"

"ನಾನೇ ಸಾರ್. ಆದ್ರೆ ನಾಲ್ಕು ದಿನ ಬಿಟ್ಟು."