ಸಿಂಪಿಗ ಮುರಿಗೆಪ್ಪ ಎರೆದ ಗಡಗಡೆ

೧೯೬೨ನೆಯ ಇಸವಿ ಮೇ ಹದಿನಾಲ್ಕು, ಸೋಮವಾರ. ನನ್ನ ಹಳೆಯ ಡೈರಿಯ ಆ ದಿನದ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ ಆಯಿಯ ಜೊತೆ ಎರೆಹಾಳದ ಹಿರೇಬಾವಿಗೆ ಹೋದೆ. ಗಡಗಡೆ ನೋಡಿದೆ. ಹಿತ್ತಾಳೆಯದು. ಅಗಲ ಒಂದು ಗೇಣು ನಾಲ್ಕು ಬೆರಳು. ಒಂದು ಮಗ್ಗುಲಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಹೆಸರು, ಇಸವಿ ಏನೂ ಕೆತ್ತಿಲ್ಲ."

ಆಗ ನಾನು ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಗಡಗಡೆ ಎಂದರೆ ಬಾವಿಯ ರಾಟೆ, ಆಯಿ ಎಂದರೆ ನನ್ನ ತಂದೆಯ ತಾಯಿ. ಆಕೆ ಬಾವಿಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ಅಲ್ಲಿಯೇ ಬರೆದುಕೊಂಡೆ. ಆಮೇಲೆ ಊರಿನ ಇನ್ನೂ ಆರು ಮಂದಿ ಹಿರಿಯರನ್ನು ಕೇಳಿ, ಅವರವರು ಹೇಳಿದ್ದನ್ನು ಬೇರೆ ಬೇರೆಯಾಗಿ ಬರೆದಿಟ್ಟೆ. ಅವರ ಮಾತು ಕೂಡಿದ ಕಡೆ ಕೂಡಿದೆ ಎನ್ನುತ್ತೇನೆ, ಕೂಡದ ಕಡೆ ಇಲ್ಲ ಎನ್ನುತ್ತೇನೆ. ಈಗ ಕೇಳಿರಿ ಮಕ್ಕಳೇ.

ಬಹಳ ಹಿಂದೆ, ಇಸವಿ ಹೇಳುವವರು ಯಾರೂ ಉಳಿಯದಷ್ಟು ಹಿಂದೆ, ಎರೆಹಾಳ ಎಂಬ ಊರಿನಲ್ಲಿ ಒಂದೇ ಬಾವಿ ಇತ್ತು. ಅದರ ಆಳ ಹದಿನೆಂಟು ಮಾರು. ಮೇಲಿನಿಂದ ಕಲ್ಲು ಹಾಕಿದರೆ ಸಪ್ಪಳ ಬರುವಷ್ಟರಲ್ಲಿ ಒಂದು ಎಲೆ ಅಡಿಕೆ ಜಗಿದು ಮುಗಿಯುತ್ತಿತ್ತು ಅಂತಾರೆ. ಅದು ಉತ್ಪ್ರೇಕ್ಷೆ, ನಾನೇ ಹಾಕಿ ನೋಡಿದ್ದೇನೆ. ಆದರೆ ಆಳವಂತೂ ನಿಜ. ಬಾವಿಯ ಮೇಲೆ ಹಗ್ಗ ಓಡಲು ಮರದ ಗಡಗಡೆ ಇತ್ತು. ಮರ ಬಿಸಿಲಿಗೆ ಸೀಳುತ್ತಿತ್ತು. ಸೀಳಿದರೆ ತುಂಬಿದ ಕೊಡ ಹಗ್ಗವನ್ನು ಜಗ್ಗಿ ಕೆಳಗೆ ಒಯ್ಯುತ್ತಿತ್ತು, ಹಗ್ಗದ ಜೊತೆ ಹಿಡಿದವಳ ಕೈಯನ್ನೂ.

ಆ ಊರಿನಲ್ಲಿ ಒಂದು ಪದ್ಧತಿ. ಹುಡುಗಿಗೆ ಹನ್ನೆರಡು ತುಂಬಿದ ವರ್ಷ, ಪಂಚಮಿಯ ದಿನ, ಅರಿಸಿನ ಹಚ್ಚಿದ ಹೊಸ ಹಗ್ಗ ಕೊಟ್ಟು ಬಾವಿಗೆ ಕರೆದೊಯ್ಯುತ್ತಿದ್ದರು. ಅದಕ್ಕೆ ಹಗ್ಗ ಹಿಡಿಸುವುದು ಅಂತಾರೆ. ಅಂದಿನಿಂದ ಆ ಮನೆಯ ನೀರು ಆ ಹುಡುಗಿಯ ಕೈಯಲ್ಲಿ.

ಆ ಊರಿನಲ್ಲಿ ಮುರಿಗೆಪ್ಪ ಎಂಬ ಸಿಂಪಿಗ ಇದ್ದ. ಅಂಗಿ, ಕುಪ್ಪಸ ಹೊಲಿಯುವುದು ಅವನ ಕಸುಬು. ಆದರೆ ಅವನ ಮನಸ್ಸು ಇದ್ದದ್ದು ಹಿತ್ತಲಿನ ಒಲೆಯಲ್ಲಿ. ಮೊದಲು ಬೆರಳಿಗೆ ಸೂಜಿ ಚುಚ್ಚದ ಹಾಗೆ ಒಂದು ಹಿತ್ತಾಳೆ ಟೊಪ್ಪಿಗೆ ಮಾಡಿಕೊಂಡನಂತೆ. ಅದು ಬೆರಳಿಗೆ ಸರಿಯಾಗಿ ಕೂತಿತು, ಎಷ್ಟು ಸರಿಯಾಗಿ ಎಂದರೆ ಮೂರು ದಿನ ಹೊರಗೆ ಬರಲಿಲ್ಲ. ಆಮೇಲೆ ಪೆಟ್ಟಿಗೆಗೆ ಒಂದು ಕೀಲಿ ಮಾಡಿದ. ಹಾಕಲು ಬಂತು, ತೆಗೆಯಲು ಬರಲಿಲ್ಲ. ಗೌಡರ ಮಗನ ಮದುವೆಯ ಅಂಗಿ ಆ ಪೆಟ್ಟಿಗೆಯಲ್ಲಿತ್ತು. ಮದುಮಗ ಅಪ್ಪನ ಅಂಗಿ ತೊಟ್ಟು ಹಸೆಗೆ ಕೂತ. ಮುರಿಗೆಪ್ಪ ಇಲಿಯ ಬೋನು ಮಾಡಿದ, ಅದರಲ್ಲಿ ಮೊದಲು ಸಿಕ್ಕಿದ್ದು ಅವನದೇ ಕಾಲಬೆರಳು. ಒಂದೊಂದು ಸಲ ಕೆಟ್ಟಾಗಲೂ ಅವನು ಸಿಟ್ಟಾಗುತ್ತಿರಲಿಲ್ಲವಂತೆ. ಕೆಟ್ಟದ್ದನ್ನು ಅಂಗೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುವಿ, ಯಾಕೆ ಹೀಗಾಯಿತು ಎಂದು ನೋಡುತ್ತಾ ಕೂರುತ್ತಿದ್ದನಂತೆ.

ಕಮ್ಮಾರ ಮೌನಪ್ಪ ಊರಿನ ನೇಗಿಲ ಕುಳ, ಕುಡುಗೋಲು ಬಡಿಯುವವನು. ಹಿತ್ತಲ ಬೇಲಿಯ ಹತ್ತಿರ ನಿಂತು ಅವನು ಚುಡಾಯಿಸುತ್ತಿದ್ದ.

"ಏನ ಮುರಿಗೆಪ್ಪಾ, ಬೆಂಕೀಗೂ ಅಂಗಿ ಹೊಲಿತೀ ಏನು?"

"ಅಳತಿ ತಗೋಳಾಕ ನೋಡಾಕತ್ತೀನಿ ಕಾಕಾ. ಸುಮ್ನ ನಿಂದ್ರವಲ್ದು."

ಇದು ಹೀಗೆ ನಗುನಗುತ್ತಾ ನಡೆದಿತ್ತು. ಒಂದು ದಿನ ಬಾವಿಯ ಮೇಲೆ ಗಡಗಡೆ ಸೀಳಿತು. ಹಗ್ಗ ಹಿಡಿದಿದ್ದವಳು ಮುರಿಗೆಪ್ಪನ ಹೆಂಡತಿ ನಿಂಬೆವ್ವ. ಸೀಳಿನಲ್ಲಿ ಹಗ್ಗ, ಹಗ್ಗದಲ್ಲಿ ಬಲಗೈ. ಎರಡು ಬೆರಳು ಹೋದವು. ಮುಂದಿನ ಪಂಚಮಿಗೆ ಅವರ ಒಬ್ಬಳೇ ಮಗಳು ಸಕ್ರೆವ್ವನಿಗೆ ಹನ್ನೆರಡು ತುಂಬುವುದಿತ್ತು.

ನಿಂಬೆವ್ವ ಅಳಲಿಲ್ಲವಂತೆ. ಕೈಗೆ ಕಟ್ಟಿದ ಬಟ್ಟೆ ಬಿಚ್ಚಿದ ದಿನ ಗಂಡನಿಗೆ ಒಂದೇ ಮಾತು ಹೇಳಿದಳಂತೆ: "ಕೇಳ್ರಿ ಇಲ್ಲೆ. ನಂದು ಹೋತು, ಹೋಗ್ಲಿ. ಆಕೀ ಕೈ ಮರದ ಕೆಳಗ ಹೋಗಬಾರ್ದು. ಅಷ್ಟ ಮಾಡ್ರಿ, ಇಲ್ಲಂದ್ರ ಆ ಒಲಿ ಕೆಡವಿಬಿಡ್ರಿ."

ಮೌನಪ್ಪ ಕಬ್ಬಿಣದ್ದೊಂದು ಬಡಿದು ಕೊಟ್ಟ. ಅದರ ಅಂಚು ಒರಟು, ತಿಂಗಳೊಳಗೆ ಎರಡು ಹಗ್ಗ ಕಡಿಯಿತು. ಎರಕ ಬಲ್ಲ ಕಂಚುಗಾರರು ಏಳು ದಿನದ ದಾರಿಯಲ್ಲಿದ್ದರು, ಇಷ್ಟು ದೂರ ಬರಲು ಅವರು ಒಪ್ಪಲಿಲ್ಲ. ಹಗ್ಗಕ್ಕೆ ನುಣುಪಾದ ಹಿತ್ತಾಳೆಯ ಗಾಲಿಯೇ ಬೇಕು, ತಾನೇ ಎರೆಯುತ್ತೇನೆ ಎಂದ ಮುರಿಗೆಪ್ಪ. ಊರು ನಕ್ಕಿತು.

ಹಿತ್ತಾಳೆ ಕರಗಬೇಕಾದರೆ ಗಾಳಿ ಬೇಕು. ಆಡಿನ ಚರ್ಮ ತಂದು ತಿದಿ ಹೊಲಿದ. ಎರಡೆರಡು ಸಲ ಹೊಲಿಗೆ ಹಾಕಿದ, ಒಂದು ಕೂದಲೂ ನುಸುಳದ ಹಾಗೆ. ಒತ್ತಿದ, ಗಾಳಿ ಹೋಯಿತು. ಎತ್ತಿದ, ತಿದಿ ಒಣಗಿದ ಹೀರೆಕಾಯಿಯ ಹಾಗೆ ಮುದುಡಿಕೊಂಡಿತು. ಗಾಳಿ ಒಳಗೆ ಬರಲು ತೂತೇ ಬಿಟ್ಟಿರಲಿಲ್ಲ! ಹೊಲಿದು ಕಲಿತವನ ಕೈ, ತೂತು ಕಂಡಲ್ಲೆಲ್ಲ ಮುಚ್ಚಿಬಿಟ್ಟಿತ್ತು. ಅಂದು ಮೌನಪ್ಪ ಬೇಲಿ ಹಿಡಿದುಕೊಂಡು ನಕ್ಕು ನಕ್ಕು ಕೆಮ್ಮಿದನಂತೆ.

ಜೇನುಮೇಣದಲ್ಲಿ ಗಾಲಿ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಹಿತ್ತಾಳೆ ಹೊಯ್ಯುವುದು: ಇದು ಕಂಚುಗಾರರ ರೀತಿ ಎಂದು ಸಂತೆಯಲ್ಲಿ ಕೇಳಿ ತಿಳಿದಿದ್ದ. ಮನೆಯ ತಂಬಿಗೆಗಳನ್ನೇ ಕರಗಿಸಿ ಮೊದಲನೆಯದನ್ನು ಎರೆದ. ಚೆನ್ನಾಗಿಯೇ ಬಂತು, ಆದರೆ ಸಣ್ಣದಾಗಿ ಬಂತು. ನಡುವಿನ ತೂತಿಗೆ ಕೀಲು ಹೋಗಲಿಲ್ಲ. ಎರಡು ದಿನ ತಿರುವಿ ತಿರುವಿ ನೋಡಿದ ಮೇಲೆ ಅವನಿಗೆ ಹೊಳೆಯಿತಂತೆ. ಹೊಸ ಬಟ್ಟೆ ನೀರಿಗೆ ಕುಗ್ಗುವ ಹಾಗೆ ಹಿತ್ತಾಳೆ ಆರುವಾಗ ಕುಗ್ಗುತ್ತದೆ. ಹೊಲಿಯುವಾಗ ಬಿಟ್ಟ ಹಾಗೆ ಇಲ್ಲಿಯೂ ತುಸು ಹೆಚ್ಚು ಬಿಡಬೇಕು. ಹೆಚ್ಚು ಬಿಡಬೇಕೆಂದರೆ ಹೆಚ್ಚು ಹಿತ್ತಾಳೆ ಬೇಕು.

ಒಡಕು ಪಾತ್ರೆ ಇದ್ದರೆ ಕೊಡಿ ಎಂದು ಓಣಿ ಓಣಿ ಕೇಳಿದ. ನಕ್ಕ ಊರೇ ಕೊಟ್ಟಿತು. ಹೆಣ್ಣುಮಕ್ಕಳಿರುವ ಮನೆಯವರು ಮೊದಲು ಕೊಟ್ಟರು. ಆದರೆ ಮಸಿ ಹಿಡಿದ ಪಾತ್ರೆಯನ್ನು ಹೊಸ್ತಿಲ ಹೊರಗೆ ಕಳಿಸಿದರೆ ನಾಲ್ಕು ಜನ ಏನಂದಾರು? ಒಬ್ಬೊಬ್ಬಳೂ ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಮುಖ ಕಾಣುವಷ್ಟು ಬೆಳಗಿ, ತೊಳೆದು ಕಳಿಸಿದಳು. ಕರಗಿಸುವ ಪಾತ್ರೆಗೆ ಯಾಕೆ ಬೆಳಗುವುದು ಎಂದು ಯಾರೂ ಕೇಳಲಿಲ್ಲ. ಎಲ್ಲಕ್ಕಿಂತ ಚೆಂದ ಬೆಳಗಿದವಳು ನಿಂಬೆವ್ವ. ತವರಿನಿಂದ ತಂದ ಮದುವೆಯ ಕೊಡವನ್ನು ಮೂರು ಬೆರಳಿನ ಕೈಯಲ್ಲಿ ತಿಕ್ಕಿ ತಂದಿಟ್ಟಳು.

ಪಂಚಮಿಗೆ ಇಪ್ಪತ್ತು ದಿನವಿತ್ತು. ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಬಟ್ಟಲಿನಲ್ಲಿ, ಹಿತ್ತಾಳೆ ಅರ್ಧ ಕರಗಿ ಕುದಿಯುತ್ತಿತ್ತು. ಮುರಿಗೆಪ್ಪ ನಿಂಬೆವ್ವನ ಕೊಡದ ಕಂಠವನ್ನು ಕತ್ತರಿಸಿ ಅದಕ್ಕೆ ಇಳಿಬಿಟ್ಟ. ಇಳಿಬಿಟ್ಟದ್ದೇ ತಡ, ಮೂಸೆ ಸಿಡಿಯಿತು. ಹಿತ್ತಾಳೆ ಮಳೆಯ ಹಾಗೆ ಮೇಲೆದ್ದಿತು ಅಂತಾರೆ. ಮಾಳಿಗೆಯಷ್ಟು ಎತ್ತರ ಎಂದು ಆಯಿ, ಗುಡಿಯ ಶಿಖರದಷ್ಟು ಎಂದು ಇನ್ನೊಬ್ಬರು. ಅವನ ಎಡಗಣ್ಣು ಹೋಯಿತು. ಬಲಗಣ್ಣಿಗೂ ಔಷಧ ಹಚ್ಚಿ ಬಟ್ಟೆ ಕಟ್ಟಿದರು.

ಊರು ಕಾರಣ ಹುಡುಕಿತು. ಬಹಳ ದೂರವೇನೂ ಹೋಗಲಿಲ್ಲ. ಬೆರಳು ಹೋದವಳ ಕೊಡ, ಬಾವಿ ಮುನಿದವಳ ಕೊಡ, ಅದಕ್ಕೇ ಸಿಡಿಯಿತು ಅಂದರು. ಒಲೆ ಕೆಡವಬೇಕು, ಸಕ್ರೆವ್ವ ಎಲ್ಲರ ಹಾಗೆ ಮರದ ಗಡಗಡೆಗೇ ಹಗ್ಗ ಹಾಕಬೇಕು ಎಂದು ಗೌಡರು ಹೇಳಿ ಕಳಿಸಿದರು. ನಿಂಬೆವ್ವ ಅದನ್ನು ನಂಬಿಬಿಟ್ಟಳಂತೆ. ತನ್ನ ಕೈ ತಾಗಿದರೆ ಕೇಡು ಎಂದು ಗಂಡನಿಗೆ ಉಣಿಸುವುದನ್ನೂ ಬಿಟ್ಟಳಂತೆ.

ಕಣ್ಣು ಕಟ್ಟಿಕೊಂಡು ಮಲಗಿದ್ದ ಮುರಿಗೆಪ್ಪನಿಗೆ ಮಾತ್ರ ಒಂದೇ ಚಿಂತೆ: ಯಾಕೆ ಹೀಗಾಯಿತು? ತಂಬಿಗೆ ಕರಗಿಸಿದಾಗ ಸಿಡಿಯಲಿಲ್ಲ, ಕೊಡ ಯಾಕೆ ಸಿಡಿಯಿತು? ಉಳಿದ ಪಾತ್ರೆಗಳನ್ನು ತರಿಸಿ ಒಂದೊಂದನ್ನೇ ತಡವಿದ. ತಂಬಿಗೆಯ ಬಾಯಿ ಬರಿಯ ಅಂಚು. ಕೊಡದ ಬಾಯಿಯಲ್ಲಿ ತಗಡನ್ನು ಒಳಗೆ ಮಡಿಸಿ ಸುರುಳಿ ಮಾಡಿರುತ್ತಾರೆ, ಅಂಗಿಯ ಅಂಚು ಮಡಿಸಿ ಹೊಲಿದ ಹಾಗೆ. ಒಂದು ಕೊಡದ ಬಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಮತ್ತೆ ಅಲುಗಿಸಿದ.

"ಗೌಡ್ರನ್ನ ಕರೀರಿ," ಎಂದನಂತೆ. "ಮೌನಪ್ಪ ಕಾಕಾನ್ನೂ ಕರೀರಿ."

ಊರೆಲ್ಲ ಹಿತ್ತಲಿಗೆ ಬಂತು. ಗೌಡರ ಮನೆಯಿಂದ ಬಂದ ಕೊಡವನ್ನೇ ಆರಿಸಿ, ಅದರ ಬಾಯಿಯನ್ನು ಕೆಂಡದ ಮೇಲೆ ಬೋರಲು ಇಡಿಸಿದ. ಎಲ್ಲರೂ ದೂರ ನಿಂತರು. ಸ್ವಲ್ಪ ಹೊತ್ತಿಗೆ ಮಡಿಸಿದ ಅಂಚಿನ ಸಂದಿಯಿಂದ ಚುಂಯ್ ಎಂದು ಹಬೆ ಬಂತು. ತೊಳೆದ ನೀರು! ಎಷ್ಟು ದಿನವಾದರೂ ಒಳಗೇ ಕೂತಿದ್ದ ನೀರು, ಕುದಿಯುವ ಹಿತ್ತಾಳೆಗೆ ಬಿದ್ದರೆ ಒಮ್ಮೆಲೇ ಹಬೆಯಾಗಿ ಸಿಡಿಯುವ ನೀರು.

"ಇದು ನಿಮ್ಮ ಮನೀ ಕೊಡ ಗೌಡ್ರ," ಎಂದ ಮುರಿಗೆಪ್ಪ. "ನಿಮ್ಮ ಮ್ಯಾಲೂ ಬಾವಿ ಮುನಿದೈತೇನು?"

ಗೌಡರು ಬಗ್ಗಿ ತಮ್ಮ ಕೊಡದ ಬಾಯಿ ನೋಡಿದರು, ಒಲೆ ಕೆಡವುವ ಮಾತು ಅಲ್ಲಿಗೇ ನಿಂತಿತು. ನಿಂಬೆವ್ವ ಅಲ್ಲಿಯೇ ನೆಲಕ್ಕೆ ಕೂತು ಆ ದಿನ ಮೊದಲ ಸಲ ಅತ್ತಳಂತೆ. ಮೌನಪ್ಪ ಬೇಲಿ ದಾಟಿ ಒಳಗೆ ಬಂದ. ಮರುದಿನ ತನ್ನ ದೊಡ್ಡ ಇಕ್ಕಳ ತಂದ, ಎರಡು ಚೀಲ ಇದ್ದಿಲು ತಂದ. ನಗಲಿಲ್ಲ.

ಪಾತ್ರೆಗಳನ್ನು ಬೋರಲು ಹಾಕಿ ಮೂರು ದಿನ ಬಿಸಿಲಿಗೆ ಇಟ್ಟರು, ಆಮೇಲೆ ಕಂಠಗಳನ್ನೆಲ್ಲ ಕೆಂಡದ ಮೇಲೆ ಕಾಯಿಸಿದರು. ಈ ಸಲ ಮೇಣದ ಗಾಲಿ ಮಾಡಿದವಳು ನಿಂಬೆವ್ವ. ಅವನು ಕೂತಲ್ಲಿಂದ ಹೇಳಿದ, ಅವಳು ಒತ್ತಿದಳು. ಬೆಳಗಿನ ಹೊತ್ತು ಒಲೆ ಹೊತ್ತಿಸಿದರು. ಮೌನಪ್ಪ ಇಕ್ಕಳ ಹಿಡಿದ, ಸಕ್ರೆವ್ವ ತಿದಿ ಒತ್ತಿದಳು. ಹಿತ್ತಾಳೆಯ ಹದ ಉರಿಯ ಬಣ್ಣದಲ್ಲಿದೆ, ಆ ಬಣ್ಣ ನೋಡಬೇಕಾದವನ ಕಣ್ಣಿಗೆ ಬಟ್ಟೆ.

"ಉರಿ ಹಸರಾತ್ರಿ," ಎಂದಳು ನಿಂಬೆವ್ವ.

"ಎಂಥಾ ಹಸರು? ಗಿಳಿ ಹಸರೋ, ಪಾಚಿ ಹಸರೋ?"

ಅವಳು ಬಗ್ಗಿ ನೋಡಿದಳು. "ಗಿಳಿ ಹಸರು. ಇನ್ನೂ ತಿರಗಾಕತ್ತೈತಿ. ತಡೀರಿ... ಈಗ ನೋಡ್ರಿ, ನನ್ನ ಮದುವಿ ಕುಪ್ಪಸದ ಹಸರು."

ಆ ಕುಪ್ಪಸ ಹೊಲಿದವನು ಅವನೇ.

"ಹಂಗಾರ ಹೊಯ್ಯಿ ಕಾಕಾ," ಎಂದ.

ಮಣ್ಣು ಒಡೆದಾಗ ಗಾಲಿ ಅಳತೆಗೆ ಸರಿಯಾಗಿತ್ತು. ಮಗ್ಗುಲಲ್ಲಿ ಒಂದು ತಗ್ಗು ಉಳಿದಿತ್ತು. ಅದು ಮೇಣ ಒತ್ತುವಾಗ ನಿಂಬೆವ್ವನ ಹೆಬ್ಬೆರಳು ಕೂತ ಜಾಗ. ಮೌನಪ್ಪ ಉಜ್ಜಿ ತೆಗೆಯಲು ಹೋದ. ಮುರಿಗೆಪ್ಪ ತಡವಿ ನೋಡಿ, ಇರಲಿ ಬಿಡು ಅಂದ.

ಪಂಚಮಿಯ ದಿನ ಸಕ್ರೆವ್ವ ಹಗ್ಗ ಹಾಕಿದಳು. ಗಡಗಡೆ ಕಿರುಗುಟ್ಟಲಿಲ್ಲ, ದುಂಬಿಯ ಹಾಗೆ ಗುಂಯ್ ಎಂದಿತು. ಆ ದನಿ ಮೂರು ಹಳ್ಳಿಗೆ ಕೇಳಿತು ಅಂತಾರೆ. ನಾನು ಒಬ್ಬರಿಗೆ ನೀರು ಸೇದಲು ಹೇಳಿ ನಡೆದು ನೋಡಿದ್ದೇನೆ, ಹುಣಿಸೆಮರದ ತನಕ ಕೇಳುತ್ತದೆ, ಅದರಾಚೆ ಇಲ್ಲ. ಕೊಡ ಮೇಲೆ ಬಂತು. ನಿಂಬೆವ್ವ ನೀರು ನೋಡಲಿಲ್ಲ, ಮಗಳ ಎರಡೂ ಕೈ ಹಿಡಿದು ಬೆರಳು ಎಣಿಸಿದಳಂತೆ. ಇದನ್ನು ಏಳು ಮಂದಿಯೂ ಒಂದೇ ರೀತಿ ಹೇಳಿದ್ದಾರೆ.

ಈಗ ಎರೆಹಾಳಕ್ಕೆ ನಲ್ಲಿ ಬಂದಿದೆ. ಆದರೂ ಹುಡುಗಿಗೆ ಹನ್ನೆರಡಾದ ವರ್ಷ ಪಂಚಮಿಯ ದಿನ ಬಾವಿಗೆ ಕರೆದೊಯ್ಯುತ್ತಾರೆ. ಅವಳು ಮೊದಲು ಆ ತಗ್ಗಿನಲ್ಲಿ ಹೆಬ್ಬೆರಳು ಇಡುತ್ತಾಳೆ, ಆಮೇಲೆ ಒಂದು ಕೊಡ ಸೇದುತ್ತಾಳೆ. ಆ ಊರಿನವರು ಹಳೆಯ ಪಾತ್ರೆ ಮಾರುವಾಗ ಬೆಳಗುವುದಿಲ್ಲ, ಬೋರಲು ಹಾಕಿ ಮೂರು ದಿನ ಬಿಸಿಲಿಗಿಟ್ಟು ಕೊಡುತ್ತಾರೆ. ಸೇದಿ ಮನೆಗೆ ಬಂದ ಹುಡುಗಿ ಒಂದು ಸೂಜಿಗೆ ದಾರ ಪೋಣಿಸಿ ಹೊಲಿಯುವವರ ಮನೆಗೆ ಕೊಟ್ಟು ಬರುತ್ತಾಳೆ. ಅದಕ್ಕೂ ಕಾರಣವಿದೆ. ಮುರಿಗೆಪ್ಪನ ಬಲಗಣ್ಣು ಉಳಿಯಿತು, ಆದರೆ ಸೂಜಿಯ ಕಣ್ಣು ಕಾಣುವಷ್ಟು ಉಳಿಯಲಿಲ್ಲ. ಸಕ್ರೆವ್ವ ದಿನವೂ ಬಾವಿಗೆ ಹೋಗುವ ಮೊದಲು ಹನ್ನೆರಡು ಸೂಜಿಗೆ ದಾರ ಪೋಣಿಸಿ ಅವನ ರುಮಾಲಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಹನ್ನೆರಡು ಮುಗಿದರೆ ಅವನ ಆ ದಿನದ ಕೆಲಸ ಮುಗಿಯಿತು.

ಅವನಿಗೆ ದೇವಿ ಕಣ್ಣು ಮರಳಿ ಕೊಟ್ಟಳು ಅಂತಾರೆ. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ, ಹೇಳಿದವರು ಇಬ್ಬರೇ ಎಂದೂ ಬರೆದಿದ್ದೇನೆ. ಉಳಿದವರೆಲ್ಲ ಹೇಳಿದ್ದು ಇಷ್ಟು: ಆ ಗಡಗಡೆಗೆ ಊರಿನ ಹನ್ನೊಂದು ಪಾತ್ರೆ ಹೋದವು, ನಿಂಬೆವ್ವನ ತವರಿನ ಕೊಡ ಹೋಯಿತು, ಮುರಿಗೆಪ್ಪನ ಎಡಗಣ್ಣು ಪೂರ್ತಿ, ಬಲಗಣ್ಣು ಅರ್ಧ ಹೋಯಿತು. ಅದರ ಮೇಲೆ ನೀರು ಸೇದಿದ ಯಾರ ಬೆರಳೂ ಹೋಗಲಿಲ್ಲ.